ನುಜಹತ್ ಬಿಚ್ಚಿದ ಓವನ್

ಹೊನ್ನಾಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕಕ್ಕೆ ಅಂಟಿಕೊಂಡಂತೆ ನುಜಹತ್‌ಳ ರಿಪೇರಿ ಅಂಗಡಿಯಿದೆ. ಗಿರಣಿಯ ಹಿಟ್ಟು ಗಾಳಿಗೆ ಹಾರಿ ಬಂದು ಅವಳ ಮೇಜಿನ ಮೇಲೆ, ಬಿಚ್ಚಿಟ್ಟ ಮಿಕ್ಸಿಗಳ ಮೇಲೆ, ಕೆಲವೊಮ್ಮೆ ಅವಳ ಹುಬ್ಬಿನ ಮೇಲೂ ಕೂರುತ್ತದೆ. ಮೊದಲ ಸಲ ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು, "ಮೆಕ್ಯಾನಿಕ್ ಎಲ್ಲಿ ಹೋಗ್ಯಾರೆ ರೀ?" ಎಂದು ಕೇಳುತ್ತಾರೆ. ಅವಳು ತಲೆಯೆತ್ತದೆ, "ಇಲ್ಲೇ ಇದಾರೆ. ಏನು ಕೆಟ್ಟೈತೆ ಹೇಳ್ರಿ" ಎನ್ನುತ್ತಾಳೆ. ಕೆಲವರು ನಗುತ್ತಾ ಒಳಗೆ ಬರುತ್ತಾರೆ. ಕೆಲವರು ಆಮೇಲೆ ಬರುತ್ತೇವೆಂದು ಹೋಗಿಬಿಡುತ್ತಾರೆ. ಹಾಗೆ ಹೋದವರಲ್ಲಿ ಹೆಚ್ಚಿನವರು ಮತ್ತೆ ಬಂದೇ ಬರುತ್ತಾರೆ ಎಂಬುದು ಅವಳಿಗೆ ಗೊತ್ತು.

ನುಜಹತ್ ಹುಟ್ಟಿದ್ದು ನ್ಯಾಮತಿಯಲ್ಲಿ. ಅಪ್ಪ ಅಲ್ಲಾವುದ್ದೀನ್ ಅಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಮೋಟಾರನ್ನು ರೈತರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಿದ್ದರು. ಬೆಳೆ ಒಣಗುವ ಮೊದಲು ಅದು ತಿರುಗಲೇಬೇಕು. ಶಾಲೆಯಿಂದ ಬಂದವಳೇ ಚೀಲ ಎಸೆದು ನುಜಹತ್ ಅಪ್ಪನ ಪಕ್ಕ ಕೂರುತ್ತಿದ್ದಳು. ತಾಮ್ರದ ತಂತಿಯನ್ನು ಮೋಟಾರಿನ ಸೀಳುಗಳಿಗೆ ಎಳೆ ಎಳೆಯಾಗಿ ಇಳಿಸಲು ಅವಳ ಸಣ್ಣ ಬೆರಳುಗಳು ಹೇಳಿ ಮಾಡಿಸಿದಂತಿದ್ದವು. ಅಮ್ಮ ತಾಜ್‌ಬೀಗೆ ಇದು ಹಿಡಿಸಲಿಲ್ಲ. ಹುಡುಗಿ ಹೊಲಿಗೆ ಕಲಿಯಲಿ ಎಂದು ಮೋಟಾರಿನ ಹೊಲಿಗೆ ಮೆಷಿನ್ ತರಿಸಿದಳು. ನುಜಹತ್ ಒಂದು ವಾರ ಹೊಲಿದಳು, ಆಮೇಲೆ ಮೆಷಿನ್ನಿನ ಮೋಟಾರು ಬಿಚ್ಚಿಕೊಂಡು ಕೂತಳು. ತಾಜ್‌ಬೀ ಕೈ ಚೆಲ್ಲಿದಳು.

ಮದುವೆಗೆ ಮೊದಲು, ನುಜಹತ್‌ಗೆ ಇನ್ನೂ ಇಪ್ಪತ್ತು ತುಂಬದಿದ್ದಾಗ, ಚನ್ನಗಿರಿಯ ಒಂದು ಬೇಕರಿಯಿಂದ ಮೈಕ್ರೋವೇವ್ ಓವನ್ ರಿಪೇರಿಗೆ ಬಂತು. ಅಲ್ಲಾವುದ್ದೀನ್ ಅಂಥದ್ದನ್ನು ಹಿಂದೆ ಬಿಚ್ಚಿರಲಿಲ್ಲ. ಆದರೆ ಕರೆಂಟಿನ ಸಾಮಾನು ಯಾವುದಾದರೇನು ಎಂಬ ಧೈರ್ಯವಿತ್ತು. ಪ್ಲಗ್ ಕಿತ್ತ, ಮುಚ್ಚಳ ತೆಗೆದ, ಚಹಾ ಕುಡಿದು ಬಂದು ಒಳಗೆ ಎರಡೂ ಕೈ ಇಟ್ಟ. ಮರುಕ್ಷಣ ಅವನು ಹಿಂದಿನ ಗೋಡೆಗೆ ಬಡಿದು ಬಿದ್ದಿದ್ದನ್ನು ನುಜಹತ್ ಕಣ್ಣಾರೆ ಕಂಡಳು. ಪ್ಲಗ್ ಕಿತ್ತ ಮೇಲೂ ಓವನ್ನಿನ ಕೆಪಾಸಿಟರ್ ಸಾವಿರಾರು ವೋಲ್ಟನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆಂದು ಅಪ್ಪ ಮಗಳಿಬ್ಬರಿಗೂ ಆಗಷ್ಟೇ ತಿಳಿದದ್ದು. ಅಲ್ಲಾವುದ್ದೀನ್ ಬದುಕಿಕೊಂಡ. ಆದರೆ ಎಡಗೈಯ ಬೆರಳುಗಳು ಮತ್ತೆ ಸರಿಯಾಗಿ ಮಡಚಲಿಲ್ಲ. ಸಣ್ಣ ತಂತಿ ಸುತ್ತುವ ಕೆಲಸ ಅಂದಿಗೆ ಅವನ ಕೈಬಿಟ್ಟು ಮಗಳ ಕೈಗೆ ಬಂತು. ಆಸ್ಪತ್ರೆಯಿಂದ ಬಂದ ದಿನ ಅವನು ಮಗಳ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಮಾತು ತೆಗೆದುಕೊಂಡಿದ್ದ. ಬೇರೆ ಏನು ಬೇಕಾದರೂ ಬಿಚ್ಚು, ಆ ಡಬ್ಬಿ ಮಾತ್ರ ಮುಟ್ಟಬೇಡ.

ಸುಹೈಲ್‌ನನ್ನು ಮದುವೆಯಾಗಿ ಹೊನ್ನಾಳಿಗೆ ಬಂದ ಮೇಲೂ ಅವಳು ಆ ಮಾತು ನಡೆಸಿದಳು. ಸುಹೈಲ್ ಲಗೇಜ್ ಆಟೋ ಓಡಿಸುತ್ತಾನೆ. ಹೆಂಡತಿಯ ಕೈ ಸುಮ್ಮನಿರುವುದಿಲ್ಲವೆಂದು ಮದುವೆಯಾದ ಮೊದಲ ತಿಂಗಳಲ್ಲೇ ಅರಿತು, ಅಂಗಡಿಗೆ ಜಾಗ ಹುಡುಕಿಕೊಟ್ಟವನೂ ಅವನೇ. ಮಿಕ್ಸಿ, ಫ್ಯಾನು, ಗ್ರೈಂಡರು, ಇಂಡಕ್ಷನ್ ಒಲೆ ಎಲ್ಲವೂ ಆ ಮೇಜಿನ ಮೇಲೆ ಬಂದು ಹೋದವು. ಓವನ್ ತಂದವರಿಗೆ ಮಾತ್ರ ಅವಳದು ಒಂದೇ ಉತ್ತರ: "ಇದನ್ನ ಮಾಡಲ್ಲ ರೀ."

ಈ ಬೇಸಿಗೆಯ ಒಂದು ಸೋಮವಾರ ಬಸವಾಪಟ್ಟಣದ ಬಸ್ಸಿಳಿದು ಗಂಡಹೆಂಡತಿ ಇಬ್ಬರು ಅಂಗಡಿಗೆ ಬಂದರು. ಗಂಡನ ಹೆಗಲ ಮೇಲೆ ಹಳೆಯ ಕಂಬಳಿಯಲ್ಲಿ ಸುತ್ತಿದ ದೊಡ್ಡ ಗಂಟು. ಬಿಚ್ಚಿದರೆ ಓವನ್. ಅವನ ಹೆಸರು ಕೆಂಚೇಶ್, ಅಡಿಕೆ ಮಂಡಿಯಲ್ಲಿ ಹಮಾಲಿ ಕೆಲಸ. ಹೆಂಡತಿ ಧನುಶ್ರೀ, ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಮಾತಾಡಿದ್ದೆಲ್ಲ ಅವಳೇ.

"ಅಕ್ಕಾರೆ, ಲೈಟ್ ಬರ್ತೈತೆ, ಒಳಗಿನ ತಟ್ಟೆ ತಿರುಗ್ತೈತೆ. ಆದ್ರೆ ಇಟ್ಟಿದ್ದು ಇಟ್ಟಂಗೇ ತಣ್ಣಗಿರ್ತೈತೆ."

"ಓವನ್ ನಾನು ಮಾಡಲ್ಲವ್ವ. ಕಂಪನಿಯೋರ ಹತ್ರ ಒಯ್ಯಿರಿ."

"ದಾವಣಗೆರೆಗೆ ಒಯ್ದಿದ್ವಿ ರೀ," ಎಂದ ಕೆಂಚೇಶ್. "ಈ ಮಾಡೆಲ್ ಬಂದ್ ಆಗೈತೆ, ಪಾರ್ಟ್ ಬರಲ್ಲ, ಹೊಸದು ತಗೊಳ್ರಿ ಅಂದ್ರು. ಈಗಲೇ ಹೊಸದು ತರಾಕೆ ನಮ್ಮ ಕೈಲಿ ಆಗಲ್ಲ."

"ಮತ್ತೆ ಇಂಡಕ್ಷನ್ ಒಲೆ ತಗೊಂಡ್ರೆ ಆಗೋದಪ್ಪ. ಅದು ಕೆಟ್ರೆ ನಾನೇ ಮಾಡಿಕೊಡ್ತೀನಿ."

ಧನುಶ್ರೀ ಬಲತೋಳಿನ ಬಟ್ಟೆ ಸರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

"ನನಗೆ ಮೂರ್ಛೆ ಬರ್ತೈತೆ ಅಕ್ಕಾರೆ, ಸ್ಕೂಲಿಗೆ ಹೋಗೋವಾಗಿಂದ. ಮಾತ್ರೆ ತಗಂತೀನಿ. ಕಮ್ಮಿ ಆಗೈತೆ, ಪೂರ್ತಿ ನಿಂತಿಲ್ಲ. ಮದುವೆ ಆದ ವರ್ಷ ಕುದಿಯೋ ಸಾರಿನ ಮ್ಯಾಲೆ ಬಿದ್ದೆ. ಇಂಡಕ್ಷನ್ ಆದ್ರೂ ಪಾತ್ರೆ ಮ್ಯಾಲೇ ಇರ್ತೈತಲ್ಲ. ಇದರಾಗಾದ್ರೆ ಬಾಗ್ಲು ಹಾಕಿರ್ತೈತೆ. ನಾನು ಬಿದ್ರೂ ಟೈಮ್ ಆದ್ಮ್ಯಾಲೆ ಅದರ ಪಾಡಿಗೆ ಅದು ಆರಿ ಹೋಗ್ತೈತೆ."

ನುಜಹತ್ ಸ್ಕ್ರೂಡ್ರೈವರ್ ಕೆಳಗಿಟ್ಟಳು.

ಆ ಅಪಘಾತವಾದ ಮೇಲೆ ಕೆಂಚೇಶ್ ಯಾರೋ ಮಾರುತ್ತಿದ್ದ ಈ ಓವನ್ ತಂದಿದ್ದ. ಧನುಶ್ರೀ ಅದರಲ್ಲೇ ಅನ್ನ, ಬೇಳೆ, ಪಲ್ಯ, ಉಪ್ಪಿಟ್ಟು ಎಲ್ಲ ಮಾಡಲು ಕಲಿತಳು. ಅತ್ತೆ ಮೂಕಮ್ಮ ಬೆಳಿಗ್ಗೆ ತೋಟದ ಕೂಲಿಗೆ ಹೋದರೆ ಮಧ್ಯಾಹ್ನ ಮೂವರಿಗೂ ಊಟ ಸಿದ್ಧವಿರುತ್ತಿತ್ತು. ಈಗ ಓವನ್ ಕೆಟ್ಟು ತಿಂಗಳಾಗಿತ್ತು. ಮೂಕಮ್ಮ ನಸುಕಿನಲ್ಲೇ ಎದ್ದು ಅಡುಗೆ ಮುಗಿಸಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ರೆಗ್ಯುಲೇಟರನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಕೆಡುಕಿನಿಂದಲ್ಲ, ಭಯದಿಂದ.

"ನಮ್ಮತ್ತೆ ಒಳ್ಳೇರು," ಎಂದಳು ಧನುಶ್ರೀ. "ಆದ್ರೂ ನನ್ನ ಮನ್ಯಾಗೆ ನಾನು ಒಂದು ಲೋಟ ನೀರು ಕಾಸಾಂಗಿಲ್ಲ."

ನುಜಹತ್ ಓವನ್ನನ್ನು ಒಳಗಿಡಲು ಹೇಳಿದಳು. "ಮಾಡ್ತೀನಿ ಅಂತ ಈಗಲೇ ಹೇಳಲ್ಲ. ಒಬ್ರನ್ನ ಕೇಳಬೇಕು. ಒಂದು ವಾರ ಟೈಮ್ ಕೊಡ್ರಿ." ಅವರು ಹೊರಟಾಗ ನೆನಪಿಸಿಕೊಂಡು ಕೂಗಿ ಕೇಳಿದಳು: "ಕೆಡೋಕೆ ಮುಂಚೆ ಏನಾದ್ರೂ ಸದ್ದು ಮಾಡ್ತಾ?"

"ಹೂಂ ಅಕ್ಕಾರೆ. ಒಂದ್ಸಲ ಜೋರಾಗಿ ಗುಂಯ್ ಅಂತು, ಪಟ್ ಅಂತು. ಅವತ್ತಿಂದ ತಣ್ಣಗಾಯ್ತು."

ಮರುದಿನ ಅವಳು ನ್ಯಾಮತಿಗೆ ಹೋದಳು. ಮನೆಯಲ್ಲಿ ಅವರಾಡುವುದು ಉರ್ದು. ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಅಲ್ಲಾವುದ್ದೀನ್ ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದ. ಮಗಳು ವಿಷಯ ಹೇಳಿ ಮುಗಿಸುವ ಮೊದಲೇ ಅವನ ಮುಖ ಬಿಗಿಯಿತು.

"ಬೇಡ."

"ಅಬ್ಬಾ, ಆ ಹುಡುಗಿ ಕೈ ನೋಡಿದ್ರೆ..."

"ನನ್ನ ಕೈ ನೋಡು." ಮಡಚದ ಬೆರಳುಗಳನ್ನು ಅವಳ ಮುಖದ ಮುಂದೆ ಹಿಡಿದ. "ನೀನು ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೀನಿ. ಅದಕ್ಕೇ ಕೇಳಾಕೆ ಬಂದೀನಿ. ಕದ್ದು ಮಾಡೋದಾಗಿದ್ರೆ ಅಲ್ಲೇ ಮಾಡ್ತಿದ್ದೆ."

ಅವನು ನುಚ್ಚಿನ ತಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದ. ನುಜಹತ್ ಊಟಕ್ಕೆ ಕೂತಳು, ಆದರೆ ಮಾತು ಬಿಡಲಿಲ್ಲ. ಕೆಪಾಸಿಟರನ್ನು ಮೊದಲು ಬರಿದು ಮಾಡುವ ಕ್ರಮವಿದೆ, ತಾನು ಅದನ್ನು ವಿಡಿಯೋಗಳಲ್ಲಿ ನೋಡಿದ್ದೇನೆ, ದಾವಣಗೆರೆಯ ಬಿಡಿಭಾಗದ ಅಂಗಡಿಯವರನ್ನೂ ಕೇಳಿದ್ದೇನೆ ಎಂದಳು. ಬರಿದಾಗುವ ತನಕ ಒಳಗೆ ಬೆರಳೂ ಇಡುವುದಿಲ್ಲ ಎಂದಳು. ಅಲ್ಲಾವುದ್ದೀನ್ ತುತ್ತು ಕಲಸುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ.

ಕೊನೆಗೆ ತಾಜ್‌ಬೀ ಬಾಯಿ ಬಿಟ್ಟಳು. "ಇವಳು ಹೊಲಿಗೆ ಮೆಷಿನ್ ಬಿಚ್ಚಿದಾಗಲೂ ನಾನು ಬೇಡ ಅಂದಿದ್ದೆ. ಕೇಳಿದ್ಲಾ? ಇವತ್ತಲ್ಲ ನಾಳೆ ಮಾಡೇ ಮಾಡ್ತಾಳೆ. ಒಬ್ಬಳೇ ಮಾಡೋದಕ್ಕಿಂತ ನೀವು ಎದುರಿಗೆ ಕೂತ್ಕೊಂಡು ಮಾಡಿಸಿ. ಏನು ತಪ್ಪಾಗಿತ್ತು ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ?"

ಅಲ್ಲಾವುದ್ದೀನ್ ಕಲಸಿದ ತುತ್ತು ನುಂಗಿ, "ಶುಕ್ರವಾರ ನಮಾಜ್ ಮುಗಿಸಿ ಬರ್ತೀನಿ. ಅಲ್ಲೀತನಕ ಮುಚ್ಚಳದ ಒಂದು ಸ್ಕ್ರೂನೂ ಬಿಚ್ಚಬೇಡ" ಎಂದ.

ಶುಕ್ರವಾರ ಅವನು ಹೇಳಿದ ಮಾತಿನಂತೆ ಬಂದ. ಅಂಗಡಿಯ ಸ್ಟೂಲಿನ ಮೇಲೆ ಕೂತು, ಮೊದಲು ಮಗಳ ಬಳೆ ತೆಗೆಸಿದ. ನೆಲಕ್ಕೆ ರಬ್ಬರ್ ಚಾಪೆ ಹಾಸಿಸಿದ. ನುಜಹತ್ ಒಂದು ಪಿವಿಸಿ ಪೈಪಿನ ತುದಿಗೆ ದೊಡ್ಡ ರೆಸಿಸ್ಟರ್ ಮತ್ತು ತಂತಿ ಕಟ್ಟಿ, ಕೆಪಾಸಿಟರ್ ಬರಿದು ಮಾಡಲು ಕಡ್ಡಿಯೊಂದನ್ನು ಸಿದ್ಧಮಾಡಿಕೊಂಡಿದ್ದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಒಂದು ಗಂಟನ್ನು ಬಿಗಿ ಮಾಡಿಸಿದ.

"ಎಡಗೈ ಬೆನ್ನ ಹಿಂದೆ ಇಟ್ಕೋ. ಒಂದೇ ಕೈಲಿ ಕೆಲಸ. ಎರಡೂ ಕೈ ಒಳಗೆ ಹೋದ್ರೆ ಕರೆಂಟು ಎದೆ ದಾಟಿ ಹೋಗ್ತದೆ. ನಾನು ಮಾಡಿದ ತಪ್ಪು ಅದೇ."

ಪ್ಲಗ್ ಹೊರಗಿದೆ ಎಂಬುದನ್ನು ಇಬ್ಬರೂ ನೋಡಿಕೊಂಡರು. ಮುಚ್ಚಳ ಬಂತು. ನುಜಹತ್ ಕಡ್ಡಿಯ ತುದಿಯನ್ನು ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿದಳು. ಏನೂ ಆಗಲಿಲ್ಲ. ಅವಳು ಉಸಿರು ಬಿಟ್ಟಳು.

"ಕಿಡಿ ಬರಲಿಲ್ಲ ಅಂತ ನಂಬಬೇಡ. ಇನ್ನೊಂದು ಸಲ. ಆಮೇಲೆ ಮೀಟರ್ ಹಿಡಿ."

ಇನ್ನೊಂದು ಸಲ ಮುಟ್ಟಿಸಿ, ಮೀಟರ್ ಹಿಡಿದು, ಸೊನ್ನೆ ಕಂಡ ಮೇಲೆಯೇ ಅವನು ತಲೆಯಾಡಿಸಿದ. ಮುಂದಿನದು ಅವಳಿಗೆ ಗೊತ್ತಿದ್ದ ದಾರಿ. ಗುಂಯ್ ಎಂದು ಪಟ್ ಎಂದಿತ್ತಲ್ಲ, ಯಾವುದೋ ಭಾಗ ಶಾರ್ಟ್ ಆಗಿ ಫ್ಯೂಸ್ ಹೊಡೆದಿರಬೇಕು ಎಂದು ಅವಳು ಅಂದಾಜು ಮಾಡಿಕೊಂಡಿದ್ದಳು. ಒಳಗಿನ ದೊಡ್ಡ ಫ್ಯೂಸಿನ ಕೊಳವೆ ಬಿಚ್ಚಿದರೆ ತಂತಿ ಕರಗಿತ್ತು. ಡಯೋಡ್ ಒಂದೇ ದಿಕ್ಕಿಗೆ ಕರೆಂಟು ಬಿಡಬೇಕು, ಇದು ಎರಡೂ ದಿಕ್ಕಿಗೆ ಬಿಡುತ್ತಿತ್ತು. ಎರಡೂ ದಾವಣಗೆರೆಯಲ್ಲಿ ಸಿಗುವ ಸಾಮಾನೇ. ಯಾವ ಕಂಪನಿಯ ಓವನ್ನಿಗಾದರೂ ಹೊಂದುವಂಥವು. ಸುಹೈಲ್ ಮರುದಿನ ಬಾಡಿಗೆಗೆ ಹೋದವನು ತಂದುಕೊಟ್ಟ. ಹೊಸದನ್ನು ಜೋಡಿಸಿ, ಮುಚ್ಚಳ ಹಾಕಿ, ಒಂದು ಲೋಟ ನೀರಿಟ್ಟು ಓಡಿಸಿದರೆ ನೀರು ಕುದಿಯಿತು.

ಧನುಶ್ರೀ ಬಂದು ಓವನ್ ಒಯ್ಯುವಾಗ ನುಜಹತ್‌ಳ ಎರಡೂ ಕೈ ಹಿಡಿದುಕೊಂಡಳು. ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಮೂರು ವಾರ ಕಳೆದಿರಲಿಲ್ಲ, ಕಂಬಳಿಯ ಗಂಟು ಮತ್ತೆ ಅಂಗಡಿಗೆ ಬಂತು. ಈ ಸಲ ಕೆಂಚೇಶ್ ಒಬ್ಬನೇ ಬಂದಿದ್ದ.

"ಶುರುವಿಗೆ ಕಾಯ್ತೈತೆ ರೀ. ನಾಕೈದು ನಿಮಿಷ ಆದ್ಮ್ಯಾಲೆ ತಣ್ಣಗಾಗಿಬಿಡ್ತೈತೆ. ಆರಾಕೆ ಬಿಟ್ಟು ಮತ್ತೆ ಹಾಕಿದ್ರೆ ಮತ್ತೆ ಕಾಯ್ತೈತೆ. ಅಕ್ಕಿ ಅರ್ಧ ಬೆಂದು ಕೂತಿರ್ತೈತೆ." ತಲೆ ತಗ್ಗಿಸಿ, "ಬೇಜಾರು ಮಾಡ್ಕಬೇಡ್ರಿ ಅಕ್ಕಾರೆ. ನಮ್ಮವ್ವ ಇನ್ನು ಇದನ್ನ ಗುಜರಿಗೆ ಹಾಕು ಅಂತಾಳೆ. ಧನುಶ್ರೀ ಮಾತ್ರ ಅಕ್ಕಾರ ಹತ್ರ ಒಯ್ಯಿ ಅಂದ್ಲು" ಎಂದ.

ನುಜಹತ್‌ಳಿಗೆ ಮುಖಕ್ಕೆ ಹೊಡೆದಂತಾಯಿತು. ಅವಳು ಕೆಟ್ಟಿದ್ದನ್ನು ಬದಲಿಸಿದ್ದಳು, ಅದು ಯಾಕೆ ಕೆಟ್ಟಿತು ಎಂದು ನೋಡಿರಲಿಲ್ಲ. ಮೋಟಾರು ಸುಟ್ಟು ಬಂದಾಗ ಅಬ್ಬಾ ಮೊದಲು ಕೇಳುತ್ತಿದ್ದುದೇ ಅದನ್ನು: ಸುಟ್ಟಿದ್ದು ಯಾಕೆ? ಕಾರಣ ಹಿಡಿಯದೆ ವೈಂಡಿಂಗ್ ಮಾಡಿದರೆ ತಿಂಗಳಲ್ಲಿ ಮತ್ತೆ ಸುಡುತ್ತದೆ. ನೀರು ಕುದಿದ ಖುಷಿಯಲ್ಲಿ ಅದನ್ನು ಮರೆತಿದ್ದಳು.

"ಗುಜರಿಗೆ ಹಾಕಬೇಡ್ರಿ," ಎಂದಳು. "ಇದನ್ನ ನಾನು ಬಿಡಲ್ಲ."

ಅಬ್ಬಾನನ್ನು ಕರೆಯೋಣವೆಂದು ಫೋನು ಕೈಗೆತ್ತಿಕೊಂಡಳು. ಅವನಿಗೆ ಆ ದಿನಗಳಲ್ಲಿ ಜ್ವರ. ಹೇಳಿದರೆ ಜ್ವರದಲ್ಲೇ ಬಸ್ಸು ಹತ್ತುತ್ತಾನೆ. ಫೋನು ಕೆಳಗಿಟ್ಟು, ಚಾಪೆ ಹಾಸಿದಳು, ಬಳೆ ತೆಗೆದಳು.

ಬರಿದು ಮಾಡಿ, ಅಳೆದು ನೋಡಿದರೆ ಡಯೋಡ್ ಚೆನ್ನಾಗಿತ್ತು, ಫ್ಯೂಸ್ ಚೆನ್ನಾಗಿತ್ತು, ಕೆಪಾಸಿಟರೂ ಸರಿಯಿತ್ತು. ಶಾಖದ ಅಲೆ ಹೊರಡಿಸುವ ಮ್ಯಾಗ್ನೆಟ್ರಾನ್ ಎಂಬ ಭಾಗವೂ ಮೀಟರಿಗೆ ಸರಿಯಾಗೇ ಉತ್ತರಿಸಿತು. ಬಾಗಿಲಿನ ಸ್ವಿಚ್ಚುಗಳನ್ನು ಒತ್ತಿ ಒತ್ತಿ ನೋಡಿದಳು. ಎಲ್ಲ ಸರಿ. ಅಂದು ಇಡೀ ಮಧ್ಯಾಹ್ನ ಹೀಗೇ ಕಳೆಯಿತು. ಮಿಕ್ಸಿ ಕೇಳಲು ಬಂದ ಇಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿದಳು. ತಣ್ಣಗಿದ್ದಾಗ ಓವನ್ನಿನಲ್ಲಿ ಏನೂ ತಪ್ಪಿಲ್ಲ.

ಮರುದಿನ ಬೆಳಿಗ್ಗೆ, ಅಂಗಡಿ ಗುಡಿಸುವಾಗ, ಅವಳಿಗೆ ಹೊಳೆಯಿತು. ತಣ್ಣಗಿದ್ದಾಗ ತಪ್ಪಿಲ್ಲ ಎಂದರೆ ಬಿಸಿಯಾದಾಗಲೇ ನೋಡಬೇಕು. ಪಂಪ್‌ಸೆಟ್ಟುಗಳಲ್ಲಿ ಇಂಥದ್ದನ್ನು ಎಷ್ಟು ಕಂಡಿಲ್ಲ! ತಂತಿಯ ಜೋಡಣೆ ಸಡಿಲವಿದ್ದರೆ, ತಣ್ಣಗಿದ್ದಾಗ ಕರೆಂಟು ಹರಿಯುತ್ತದೆ, ಬಿಸಿಯಾಗಿ ಲೋಹ ಹಿಗ್ಗಿದೊಡನೆ ಕೈಬಿಡುತ್ತದೆ. ಆದರೆ ಓವನ್ನನ್ನು ಮುಚ್ಚಳ ತೆಗೆದು ಓಡಿಸುವಂತಿಲ್ಲ. ಅವಳು ಮುಚ್ಚಳ ಭದ್ರವಾಗಿ ಹಾಕಿ, ಒಳಗೆ ಅಗಲವಾದ ಗಾಜಿನ ಬಟ್ಟಲಲ್ಲಿ ನೀರಿಟ್ಟು, ಓಡಿಸಿ, ಕಿವಿಗೊಟ್ಟು ಕೂತಳು. ಭಾರವಾದ ಗುಂಯ್‌ಗುಡುವ ಸದ್ದು ಒಮ್ಮೆಲೇ ಹಗುರಾಯಿತು. ಜೋಡಣೆ ಕೈಬಿಟ್ಟಿದ್ದು ಆಗಲೇ. ಪ್ಲಗ್ ಕಿತ್ತಳು. ಅದನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟಳು. ಸ್ಕ್ರೂ ಬಿಚ್ಚಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲವಾಗಿ, ಅಬ್ಬಾ ಹೇಳಿದ್ದನ್ನು ತಾನೇ ಬಾಯಿಬಿಟ್ಟು ಹೇಳಿಕೊಂಡಳು: "ಎಡಗೈ ಬೆನ್ನ ಹಿಂದೆ."

ಕಡ್ಡಿ ಮುಟ್ಟಿಸಿದಳು. ಟಪ್ ಎಂದು ನೀಲಿ ಕಿಡಿ ಹಾರಿತು.

ಅವಳು ಹಿಂದಕ್ಕೆ ಸರಿದು ಸ್ಟೂಲಿನ ಮೇಲೆ ಕುಸಿದು ಕೂತಳು. ಗೋಡೆಗೆ ಬಡಿದು ಬಿದ್ದ ಅಪ್ಪ ಕಣ್ಮುಂದೆ ಬಂದ. ಮುಚ್ಚಳ ಹಾಕಿ, ಆಗುವುದಿಲ್ಲ ಎಂದು ಹೇಳಿ ಕಳಿಸಿದರೆ ಯಾರೂ ತಪ್ಪು ಅನ್ನುವುದಿಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ನೀರು ಕುಡಿದಳು. ಎದ್ದು ಬಂದು ಇನ್ನೊಂದು ಸಲ ಕಡ್ಡಿ ಮುಟ್ಟಿಸಿ, ಮೀಟರ್ ಹಿಡಿದಳು. ಸೊನ್ನೆ.

ಟಾರ್ಚ್ ಹಿಡಿದು ಬಗ್ಗಿದಾಗ ಮೊದಲು ಸಿಕ್ಕಿದ್ದು ವಾಸನೆ. ಸುಟ್ಟ ಪ್ಲಾಸ್ಟಿಕ್ಕಿನದು, ಬಹಳ ಸಣ್ಣದು. ಅದನ್ನು ಹಿಡಿದು ಹೋದರೆ ಮ್ಯಾಗ್ನೆಟ್ರಾನಿಗೆ ಸಿಕ್ಕಿಸಿದ್ದ ಎರಡು ಕ್ಲಿಪ್ಪುಗಳಲ್ಲಿ ಒಂದು ಕಪ್ಪಗಾಗಿತ್ತು. ಇಕ್ಕಳದಿಂದ ಮುಟ್ಟಿದರೆ ಬೀಳಲಿರುವ ಹಲ್ಲಿನಂತೆ ಅಲ್ಲಾಡಿತು. ನಿನ್ನೆ ತಣ್ಣಗಿದ್ದಾಗ ಅದು ಕೂತ ಜಾಗದಲ್ಲೇ ಕೂತು ಮೀಟರಿಗೆ ಸರಿಯಾಗಿ ಉತ್ತರಿಸಿತ್ತು. ಅದು ಕರೆಂಟನ್ನು ಬಿಟ್ಟು ಹಿಡಿದು ಮಾಡಿದ ಏಟುಗಳಿಗೇ ಹಳೆಯ ಡಯೋಡ್ ಹೋಗಿರಬೇಕು.

ಇನ್ನು ಮುಂದಿನದು ಅವಳು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ. ಸುಟ್ಟ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದಳು. ಮ್ಯಾಗ್ನೆಟ್ರಾನಿನ ಕಾಲಿನ ಮೇಲಿನ ಮಸಿಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ತೆಗೆದಳು. ಶಾಖ ತಡೆಯುವ ಹೊಸ ಕ್ಲಿಪ್ಪನ್ನು ತಂತಿಗೆ ಒತ್ತಿ ಬಿಗಿದು, ಎಳೆದು ನೋಡಿ, ಸಮಾಧಾನವಾಗದೆ ಕಿತ್ತು ಇನ್ನೊಂದು ಹಾಕಿದಳು. ಚೆನ್ನಾಗಿದ್ದ ಇನ್ನೊಂದು ಬದಿಯದನ್ನೂ ಬದಲಿಸಿದಳು. ಮುಚ್ಚಳ ಹಾಕಿ, ಮತ್ತೆ ಮತ್ತೆ ನೀರಿಟ್ಟು ಓಡಿಸಿದಳು. ಅಂಗಡಿಯ ಮುಂದೆ ಹಾದು ಹೋಗುವವರಿಗೆಲ್ಲ ಅಂದು ಚಹಾ ಸಿಕ್ಕಿತು, ಕಾದ ನೀರನ್ನು ಚೆಲ್ಲುವುದೇಕೆ ಎಂದು. ಗುಂಯ್‌ಗುಡುವ ಸದ್ದು ಒಂದೇ ಸಮ ಇತ್ತು, ಹಗುರಾಗಲಿಲ್ಲ. ಸಂಜೆ ಸುಹೈಲ್ ಮನೆಯಿಂದ ತಂದ ಅಕ್ಕಿಯನ್ನು ಇಟ್ಟು ನೋಡಿದರು. ಅನ್ನ ಉದುರುದುರಾಗಿ ಆಗಿತ್ತು. ಇಬ್ಬರೂ ಅಂಗಡಿಯಲ್ಲೇ ಕೂತು ಉಪ್ಪಿನಕಾಯಿ ಹಚ್ಚಿಕೊಂಡು ಉಂಡರು.

ಆಮೇಲೆ ಅವಳು ನ್ಯಾಮತಿಗೆ ಫೋನು ಮಾಡಿದಳು. ಕಿಡಿ ಹಾರಿದ್ದನ್ನು ಮುಚ್ಚಿಡಲಿಲ್ಲ.

"ಕೈ ಎಲ್ಲಿತ್ತು?" ಎಂದ ಅಲ್ಲಾವುದ್ದೀನ್.

"ಬೆನ್ನ ಹಿಂದೆ, ಅಬ್ಬಾ."

"ಹ್ಞಾ. ಹಂಗಾದ್ರೆ ಸರಿ." ಕೆಮ್ಮಿ, ಮತ್ತೆ ಕೇಳಿದ: "ಕಾರಣ ಸಿಕ್ತಾ?"

"ಸಿಕ್ತು."

ಈ ಸಲ ಓವನ್ನನ್ನು ಬಸ್ಸಿನಲ್ಲಿ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಕುಲುಕಾಟಕ್ಕೆ ಏನಾದರೂ ಆದೀತು ಎಂದು ಸುಹೈಲ್‌ನ ಆಟೋದಲ್ಲಿ, ಹಾಸಿಗೆಯ ಮೇಲಿಟ್ಟು, ತಾನೂ ಜೊತೆಗೆ ಕೂತು ಬಸವಾಪಟ್ಟಣಕ್ಕೆ ಹೋದಳು. ಮೂಕಮ್ಮ ಬಾಗಿಲಲ್ಲೇ ನಿಂತು ಆ ಡಬ್ಬಿಯನ್ನು ಅಪನಂಬಿಕೆಯಿಂದ ನೋಡಿದಳು.

"ಮತ್ತೆ ಕೆಟ್ರೆ ಏನವ್ವ ಮಾಡಾದು?"

"ಮತ್ತೆ ಬರ್ತೀನಿ ಅಮ್ಮಾರೆ. ಕೆಟ್ಟಷ್ಟು ಸಲಾನೂ ಬರ್ತೀನಿ."

ಅಂದು ಧನುಶ್ರೀ ಅವರನ್ನು ಉಣ್ಣದೆ ಬಿಡಲಿಲ್ಲ. ಬದನೆಕಾಯಿ ಪಲ್ಯ, ಬೇಳೆ ಸಾರು, ಅನ್ನ ಎಲ್ಲವನ್ನೂ ಒಂದರ ಹಿಂದೊಂದು ಅದರಲ್ಲೇ ಮಾಡಿದಳು. ಮೂಕಮ್ಮ ಅಡುಗೆಮನೆಯ ಹೊಸಿಲಲ್ಲಿ ಕೂತು, ಏಳದೆ ನೋಡುತ್ತಲೇ ಇದ್ದಳು. ಊಟವಾದ ಮೇಲೆ ಎಲೆಅಡಿಕೆ ತಟ್ಟೆಯನ್ನು ನುಜಹತ್‌ಳ ಮುಂದೆ ಅವಳೇ ತಂದಿಟ್ಟಳು.

ಆಮೇಲೆ ನ್ಯಾಮತಿಯಿಂದ, ಚನ್ನಗಿರಿಯಿಂದಲೂ ಓವನ್ನುಗಳು ಹೊನ್ನಾಳಿಗೆ ಬರತೊಡಗಿವೆ. ಗುರುವಾರಗಳಂದು ಅಲ್ಲಾವುದ್ದೀನ್ ಅಂಗಡಿಗೆ ಬಂದು ಕೂರುತ್ತಾನೆ. ಅವನು ಏನನ್ನೂ ಮುಟ್ಟುವುದಿಲ್ಲ, ಮಗಳ ಎಡಗೈ ಎಲ್ಲಿದೆ ಎಂದಷ್ಟೇ ನೋಡುತ್ತಾನೆ. ಎಲ್ಲ ಓವನ್ನೂ ರಿಪೇರಿ ಆಗುವುದಿಲ್ಲ. ಬಾಗಿಲು ಸೊಟ್ಟಗಾದದ್ದನ್ನು, ಒಳಗೋಡೆ ತುಕ್ಕು ತಿಂದದ್ದನ್ನು ಅವಳು ಯಾರು ಎಷ್ಟು ಹೇಳಿದರೂ ಮಾಡುವುದಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಧನುಶ್ರೀಯ ಫೋನು ಬಂತು. ಓವನ್ ಕೆಟ್ಟಿತೇನೋ ಎಂದು ನುಜಹತ್ ಗಾಬರಿಯಲ್ಲೇ ಎತ್ತಿದಳು.

"ನಿನ್ನೆ ಮೂರ್ಛೆ ಬಂದಿತ್ತು ಅಕ್ಕಾರೆ. ಮನ್ಯಾಗೆ ಒಬ್ಬಳೇ ಇದ್ದೆ. ಅಡುಗೆಮನ್ಯಾಗೇ ಬಿದ್ದೆ."

"ಅಯ್ಯೋ ಅಲ್ಲಾ! ಏನಾಯ್ತವ್ವ? ಏಟು ಬಿತ್ತಾ?"

"ಹಣೆ ಒಂಚೂರು ತರಚೈತೆ, ಅಷ್ಟೇ. ಎದ್ದು ನೋಡಿದ್ರೆ ಅದು ತಾನೇ ಆರಿತ್ತು. ಅನ್ನ ಆಗಿತ್ತು. ಅತ್ತೆ ಬಂದಾಗ ಬಡಿಸಿದೆ."

ನುಜಹತ್ ಡಾಕ್ಟರ ಹತ್ತಿರ ಹೋಗಿ ಬರಲು ಹೇಳಿದಳು, ಮಾತ್ರೆ ತಪ್ಪಿಸಬೇಡ ಎಂದು ಎರಡು ಸಲ ಹೇಳಿದಳು. ಹೊರಗೆ ಗಿರಾಕಿಯೊಬ್ಬ ಕಾಯುತ್ತಿದ್ದ, ಕೈಯಲ್ಲಿ ಗ್ರೈಂಡರ್ ಹಿಡಿದು. "ಮೆಕ್ಯಾನಿಕ್ ಇದಾರಾ ರೀ?" ಎಂದ. ಅವಳು ಫೋನಿನಲ್ಲೇ ಇದ್ದುದರಿಂದ, ಒಳಗೆ ಬಂದು ಕೂರಲು ಅವನಿಗೆ ಕೈಸನ್ನೆ ಮಾಡಿದಳು.